ನ್ಯಾಯಮೂರ್ತಿಗಳ ನೇಮಕ: ಬದಲಾವಣೆ ಬೇಡ ಎನ್ನುವವರಿಗೆ

ಕಡೇಚೂರಿನ ರೈತನಿಗೆ ಕೊಲಿಜಿಯಂ ಕಟ್ಟಿಕೊಂಡು ಏನಾಗಬೇಕಿದೆ? ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂ ಹೊಸ ನ್ಯಾಯಮೂರ್ತಿಗಳನ್ನು ಆರಿಸುವ ಪದ್ಧತಿ ಬದಲಾಗಲಿ ಎಂದು ನಮ್ಮ ಕಡೆಯವರು ಯಾರಾದರೂ ಮಾತೆತ್ತಿದರೆ ಮೊದಲು ಎದುರಾಗುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನಷ್ಟು ಆಕ್ಷೇಪಗಳು ಬರುತ್ತವೆ. ಈಗಿನ ಪದ್ಧತಿ ಮುರಿದರೆ ಕೋರ್ಟುಗಳು ಸರಕಾರದ ಕೈಗೊಂಬೆಯಾಗುತ್ತವೆ. ಸುಪ್ರೀಂ ಕೋರ್ಟೇ ಮುಗಿಸಿದ ವಿಷಯವನ್ನು ಕೆದಕಬೇಡಿ. ಪಕ್ಷಗಳು ಹೀಗೆ ಕಚ್ಚಾಡುತ್ತಿರುವಾಗ ಆಯೋಗ ಮಾಡಿದರೆ ಒಂದು ಹೆಸರೂ ಹೊರಗೆ ಬರುವುದಿಲ್ಲ. ಗುಟ್ಟು ರಟ್ಟಾದರೆ ಒಳ್ಳೆಯ ವಕೀಲರು ಮುಂದೆ ಬರುವುದಿಲ್ಲ. ಇವುಗಳಲ್ಲಿ ಒಂದೆರಡು ಗಂಭೀರವಾದವು, ಅವಕ್ಕೆ ಗಂಭೀರವಾಗಿಯೇ ಉತ್ತರಿಸಬೇಕು. ಸಿಟ್ಟು ತರಿಸುವುದು ಮೊದಲನೆಯದು ಮಾತ್ರ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮ ಯಾದಗಿರಿ ಜಿಲ್ಲೆಯ ಕಡೇಚೂರು, ಬಾಡಿಯಾಳ ಗ್ರಾಮಗಳಲ್ಲಿ ಕೈಗಾರಿಕಾ ಪ್ರದೇಶಕ್ಕೆಂದು ಸ್ವಾಧೀನವಾದ ಜಮೀನು ಮೂರು ಸಾವಿರ ಎಕರೆಗೂ ಹೆಚ್ಚು. ರೈಲ್ವೆ ಬೋಗಿ ಕಾರ್ಖಾನೆ ಬಂತು. ಔಷಧ ಮತ್ತು ರಾಸಾಯನಿಕ ಘಟಕಗಳು ಬಂದವು. ಹಿಂದೆಯೇ ದುರ್ನಾತದ, ಕೆಟ್ಟ ನೀರಿನ ದೂರುಗಳೂ ಬಂದವು. ಎಕರೆಗೆ ಕೊಟ್ಟ ಪರಿಹಾರ ಸಾಲದು ಎನ್ನುವವನು ಯಾದಗಿರಿಯ ಸಿವಿಲ್ ಕೋರ್ಟಿಗೆ ಹೋಗಬೇಕು, ಅಲ್ಲಿಂದ ಕಲಬುರಗಿಯ ಹೈಕೋರ್ಟ್ ಪೀಠಕ್ಕೆ, ಅಲ್ಲಿಂದ ದೆಹಲಿಗೆ. ಗಾಳಿ ಕೆಟ್ಟಿದೆ ಎನ್ನುವವನು ಕಲಬುರಗಿಯಲ್ಲಿ ರಿಟ್ ಹಾಕಬೇಕು, ಇಲ್ಲವೇ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದ ಬಾಗಿಲು ತಟ್ಟಬೇಕು. ಈ ಎಲ್ಲ ಖಟ್ಲೆಗಳಲ್ಲಿ ರೈತನ ಎದುರಿಗೆ ನಿಲ್ಲುವವರು ಯಾರು? ಸರಕಾರ, ಸರಕಾರದ ಮಂಡಳಿ, ಸರಕಾರದ ಅಧಿಕಾರಿ. ತನ್ನ ಎದುರಾಳಿಯೇ ಪೀಠದ ಮೇಲಿರುವವರನ್ನು ಆರಿಸಿದ್ದಾನೋ, ತನಗೆ ಬೇಡವಾದವರ ಹೆಸರನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾನೋ ಎಂದು ತಿಳಿಯುವ ಹಕ್ಕು ದೆಹಲಿಯ ಹಿರಿಯ ವಕೀಲರಿಗಿಂತ ಈ ರೈತನಿಗೆ ಹೆಚ್ಚಾಗಿಯೇ ಇದೆ.

ಖಾಲಿ ಹುದ್ದೆಯ ಪೆಟ್ಟೂ ಅವನಿಗೇ ಮೊದಲು ಬೀಳುತ್ತದೆ. 2008ರ ಜುಲೈವರೆಗೆ ನಮ್ಮವರು ಒಂದು ಮೇಲ್ಮನವಿಗೂ ರಾತ್ರಿಯೆಲ್ಲ ರೈಲಿನಲ್ಲಿ ಕೂತು ಬೆಂಗಳೂರಿಗೆ ಹೋಗಬೇಕಿತ್ತು. ಆ ತಿಂಗಳು ಕಲಬುರಗಿಯಲ್ಲಿ ಸಂಚಾರಿ ಪೀಠ ಶುರುವಾಯಿತು, 2013ರ ಆಗಸ್ಟ್‌ನಲ್ಲಿ ಅದು ಕಾಯಂ ಆಯಿತು. ಈ ಪೀಠಕ್ಕೆ ಬೇರೆ ನ್ಯಾಯಮೂರ್ತಿಗಳಿಲ್ಲ. ಬೆಂಗಳೂರು, ಧಾರವಾಡ, ಕಲಬುರಗಿ ಮೂರಕ್ಕೂ ಸೇರಿ ಮಂಜೂರಾದ ಹುದ್ದೆ 62, ಅವರೇ ಸರದಿಯಲ್ಲಿ ಬಂದು ಕೂರಬೇಕು. 2018ರ ಫೆಬ್ರುವರಿಯಲ್ಲಿ ಅದರ ಅರ್ಧದಷ್ಟೂ ನ್ಯಾಯಮೂರ್ತಿಗಳು ಉಳಿದಿರಲಿಲ್ಲ, ಬೆಂಗಳೂರಿನಲ್ಲಿ ವಕೀಲರು ಉಪವಾಸ ಕೂತರು. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ಹುಟ್ಟಿದ್ದು ಕಾನೂನಿನ ಮೇಲಿನ ಸಿಟ್ಟಿನಿಂದಲ್ಲ, ತಾರೀಖಿನ ಮೇಲೆ ತಾರೀಖು ಬಿದ್ದುದರಿಂದ. ಹುದ್ದೆ ಖಾಲಿ ಬಿದ್ದಷ್ಟೂ ತಾರೀಖು ದೂರ ಹೋಗುತ್ತದೆ.

ಇನ್ನು ಸ್ವಾತಂತ್ರ್ಯದ ಮಾತು. ಕೊಲಿಜಿಯಂ ಇರುವುದರಿಂದಲೇ ನ್ಯಾಯಾಂಗ ಉಳಿದಿದೆ ಎನ್ನುವವರ ಭಯ ಸುಳ್ಳಲ್ಲ. ಆ ಭಯಕ್ಕೆ ಕಾರಣವಾದ ಚರಿತ್ರೆಯಲ್ಲಿ ಕನ್ನಡಿಗರೇ ಗಾಯಗೊಂಡಿದ್ದಾರೆ. 1973ರ ಏಪ್ರಿಲ್ 24ರಂದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಪ್ರಕರಣದ ತೀರ್ಪು ಬಂತು. ಸಂಸತ್ತು ಸಂವಿಧಾನದ ಮೂಲ ಸ್ವರೂಪಕ್ಕೆ ಕೈ ಹಾಕುವಂತಿಲ್ಲ ಎಂದು ಕೋರ್ಟು ಹೇಳಿತು. ಮರುದಿನವೇ ಸರಕಾರ ಹಿರಿತನದಲ್ಲಿ ಮುಂದಿದ್ದ ಶೆಲತ್, ಕೆ.ಎಸ್. ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ಕಾರ್ಕಳ ಸೀಮೆಯ ಹೆಗ್ಡೆಯವರು ಮುಂದೆ ಲೋಕಸಭೆಯ ಸ್ಪೀಕರ್ ಆದರು. 1976ರಲ್ಲಿ, ತುರ್ತುಪರಿಸ್ಥಿತಿಯ ನಡುವೆ, ವಾಜಪೇಯಿ, ಅಡ್ವಾಣಿಯವರ ಬಂಧನದ ಅರ್ಜಿಗಳನ್ನು ಕೈಗೆತ್ತಿಕೊಂಡಿದ್ದ ಕರ್ನಾಟಕ ಹೈಕೋರ್ಟಿನ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೂ ಎಂ. ಸದಾನಂದಸ್ವಾಮಿ ಗುವಾಹಟಿಗೂ ವರ್ಗವಾದರು. ಮರುವರ್ಷ ಸುಪ್ರೀಂ ಕೋರ್ಟಿನಲ್ಲಿ ಎಚ್.ಆರ್. ಖನ್ನಾ ಅವರನ್ನು ದಾಟಲಾಯಿತು. ನೇಮಕದ ಮೇಲುಗೈಯನ್ನು ನ್ಯಾಯಮೂರ್ತಿಗಳಿಗೇ ಕೊಟ್ಟ 1993ರ ತೀರ್ಪು, ಕೊಲಿಜಿಯಂಗೆ ಈಗಿನ ಆಕಾರ ಕೊಟ್ಟ 1998ರ ಅಭಿಪ್ರಾಯ, ಎರಡರ ಹಿಂದೆಯೂ ಈ ನೋವಿದೆ. ಹಳೆಯ ಪದ್ಧತಿಗೆ ಮರಳಬೇಕೆಂದು ನಾನು ಹೇಳುತ್ತಿಲ್ಲ. ಪಾಕಿಸ್ತಾನ 2024ರ ಅಕ್ಟೋಬರಿನಲ್ಲಿ 26ನೇ ತಿದ್ದುಪಡಿ ಮಾಡಿ ಮುಖ್ಯ ನ್ಯಾಯಮೂರ್ತಿಯ ಆಯ್ಕೆಯನ್ನು ಸಂಸದರ ಸಮಿತಿಗೆ ಕೊಟ್ಟಿತು. ಹಿರಿಯರನ್ನು ದಾಟುವ ಕೆಲಸ ಆ ತಿಂಗಳೇ ನಡೆಯಿತು. ಅದು ನಮಗೆ ಬೇಡ.

ಆದರೆ ಸರಕಾರದ ಕೈ ಈಗ ನೇಮಕದಲ್ಲಿ ಇಲ್ಲವೆಂದು ನಂಬಿರುವವರು ಕರ್ನಾಟಕದ ಕಡತಗಳನ್ನೇ ನೋಡಲಿ. ಜಿಲ್ಲಾ ನ್ಯಾಯಾಧೀಶರಾಗಿದ್ದ ಪಿ. ಕೃಷ್ಣ ಭಟ್ ಅವರ ಹೆಸರನ್ನು ಕೊಲಿಜಿಯಂ ಎರಡನೇ ಸಲ ಹೇಳಿದ ಮೇಲೂ ಕೇಂದ್ರ ಸರಕಾರ ನೇರವಾಗಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗೇ ಬರೆದು ವಿಚಾರಣೆ ಕೇಳಿತು. ಇದು ಸರಿಯಲ್ಲವೆಂದು 2018ರ ಮಾರ್ಚಿನಲ್ಲಿ ನ್ಯಾಯಮೂರ್ತಿ ಚೆಲಮೇಶ್ವರ್ ಪತ್ರ ಬರೆದರು. ಕೃಷ್ಣ ಭಟ್ ಹೈಕೋರ್ಟಿಗೆ ಬಂದದ್ದು 2020ರಲ್ಲಿ. ಹಿರಿಯ ವಕೀಲ ಆದಿತ್ಯ ಸೋಂಧಿ ಅವರ ಹೆಸರನ್ನು 2021ರಲ್ಲಿ ಎರಡು ಸಲ ಶಿಫಾರಸು ಮಾಡಿದರು. ಆದೇಶ ಬರಲಿಲ್ಲ. ಮರುವರ್ಷದ ಫೆಬ್ರುವರಿಯಲ್ಲಿ ಅವರೇ ತಮ್ಮ ಒಪ್ಪಿಗೆ ವಾಪಸು ಪಡೆದರು. ವಕೀಲ ನಾಗೇಂದ್ರ ರಾಮಚಂದ್ರ ನಾಯಕ್ ಅವರ ಹೆಸರು ಮೊದಲು ಹೋದದ್ದು 2019ರಲ್ಲಿ, ಮೂರನೇ ಸಲ ಒತ್ತಿ ಹೇಳಿದ್ದು 2023ರ ಜನವರಿಯಲ್ಲಿ. ಕೊಲಿಜಿಯಂ ಒಮ್ಮೆ ಮರಳಿ ಹೇಳಿದರೆ ಸರಕಾರ ಒಪ್ಪಲೇಬೇಕು ಎಂಬುದು ನಿಯಮ. ಮೂರು ಸಲ ಹೇಳಿದರೂ ಆಗಲಿಲ್ಲ.

ಇದನ್ನು ಕೋರ್ಟಿನ ಮುಂದೆ ತಂದವರೂ ಕರ್ನಾಟಕದವರೇ. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಪ್ರತಿ ಹಂತಕ್ಕೂ ಗಡುವು ಹಾಕಿತ್ತು, ಮರಳಿ ಹೇಳಿದ ಹೆಸರನ್ನು ಮೂರು ನಾಲ್ಕು ವಾರಗಳಲ್ಲಿ ನೇಮಿಸಬೇಕು ಎಂದಿತ್ತು. ಗಡುವು ಮೀರಿತೆಂದು ಬೆಂಗಳೂರು ವಕೀಲರ ಸಂಘ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿತು. ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಅವರ ಪೀಠ ಸಲಸಲಕ್ಕೂ ಸರಕಾರವನ್ನು ಪ್ರಶ್ನಿಸಿತು. 2023ರ ಡಿಸೆಂಬರ್ 5ರಂದು ಬರಬೇಕಿದ್ದ ಆ ಅರ್ಜಿ ಪಟ್ಟಿಯಲ್ಲೇ ಇರಲಿಲ್ಲ. ತೆಗೆಸಿದ್ದು ತಾವಲ್ಲ ಎಂದು ಕೌಲ್ ತೆರೆದ ನ್ಯಾಯಾಲಯದಲ್ಲಿ ಹೇಳಿದರು, ಅದೇ ತಿಂಗಳು ನಿವೃತ್ತರಾದರು. ಸರಕಾರವನ್ನು ಹೊರಗಿಟ್ಟ ಪದ್ಧತಿ ಎಂದು ಹೊಗಳುವುದು ಇದನ್ನೇ? ಇಲ್ಲಿ ಸರಕಾರ ಒಳಗೇ ಇದೆ. ಬೇಡವೆನ್ನಲು ಅದು ಕಾರಣ ಕೊಡಬೇಕಿಲ್ಲ, ಸಹಿ ಹಾಕಬೇಕಿಲ್ಲ, ಸುಮ್ಮನೆ ಕೂತರೆ ಸಾಕು. 1973ರಲ್ಲಿ ಸರಕಾರ ಮಾಡಿದ್ದು ಜಗತ್ತಿಗೆ ಕಂಡಿತು, ಜನ ಮತ ಹಾಕುವಾಗ ಅದನ್ನು ನೆನಪಿಟ್ಟರು. ಈಗ ಮಾಡುವುದು ಕಾಣುವುದೇ ಇಲ್ಲ.

ಈ ಗಡುವಿನ ವಿಷಯದಲ್ಲಿ ಇನ್ನೊಂದು ಅನ್ಯಾಯವಿದೆ, ದೆಹಲಿಯಲ್ಲಿ ಒಂದು ಪಕ್ಷ, ಬೆಂಗಳೂರಿನಲ್ಲಿ ಇನ್ನೊಂದು ಪಕ್ಷ ಆಳುವ ಇಂಥ ಕಾಲದಲ್ಲಿ ಅದು ಎದ್ದು ಕಾಣುತ್ತದೆ. ಹೈಕೋರ್ಟಿನ ಹೆಸರುಗಳು ಮುಖ್ಯಮಂತ್ರಿ ಮತ್ತು ರಾಜ್ಯಪಾಲರ ಮುಂದೆಯೂ ಹೋಗುತ್ತವೆ. ಆರು ವಾರಗಳಲ್ಲಿ ಅವರು ಏನೂ ಹೇಳದಿದ್ದರೆ ಹೇಳುವುದೇನೂ ಇಲ್ಲವೆಂದೇ ಭಾವಿಸಿ ಮುಂದುವರಿಯಬೇಕು ಎಂದು ನೇಮಕದ ಕಾರ್ಯವಿಧಾನದಲ್ಲಿ ಬರೆದಿದೆ. ರಾಜ್ಯದ ಮೌನವನ್ನು ಒಪ್ಪಿಗೆ ಎನ್ನುವ ಇಂಥ ಸಾಲು ಕೇಂದ್ರದ ಮೌನಕ್ಕೆ ಇಲ್ಲ. ಅದನ್ನೂ ಬರೆಯಿರಿ ಎಂದು ಕೇಳುವುದು ನ್ಯಾಯಾಂಗದ ಮೇಲಿನ ದಾಳಿ ಹೇಗಾದೀತು?

ಸುಪ್ರೀಂ ಕೋರ್ಟು ಮುಗಿಸಿದ ವಿಷಯ ಎನ್ನುವವರು 2015ರ ಅಕ್ಟೋಬರ್ 16ರ ತೀರ್ಪನ್ನು ತೋರಿಸುತ್ತಾರೆ. 2014ರ ಆಗಸ್ಟ್‌ನಲ್ಲಿ ಸಂಸತ್ತಿನ ಎರಡೂ ಸದನಗಳು ಹೆಚ್ಚುಕಡಿಮೆ ಒಮ್ಮತದಿಂದ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗಕ್ಕೆ ಒಪ್ಪಿಗೆ ಕೊಟ್ಟವು. ಮರುವರ್ಷ ಐವರ ಪೀಠ ನಾಲ್ಕು ಒಂದರ ಬಹುಮತದಿಂದ ಅದನ್ನು ರದ್ದು ಮಾಡಿತು, ಭಿನ್ನಮತ ಚೆಲಮೇಶ್ವರ್ ಅವರದು. ಆದರೆ ಬಿದ್ದದ್ದು ಯಾವ ಆಯೋಗ? ಅದರಲ್ಲಿ ಆರು ಜನ: ಮೂವರು ನ್ಯಾಯಮೂರ್ತಿಗಳು, ಕಾನೂನು ಮಂತ್ರಿ, ಇಬ್ಬರು ಗಣ್ಯರು. ಯಾವ ಇಬ್ಬರು ಬೇಡವೆಂದರೂ ಹೆಸರು ಬೀಳುತ್ತಿತ್ತು. ಅಂದರೆ ಮಂತ್ರಿ ಮತ್ತು ಒಬ್ಬ ಗಣ್ಯ ಸೇರಿ ಮೂವರು ನ್ಯಾಯಮೂರ್ತಿಗಳ ಮಾತನ್ನು ತಳ್ಳಿಹಾಕಬಹುದಿತ್ತು. ಆ ಗಣ್ಯರಿಗೆ ಕಾನೂನು ಗೊತ್ತಿರಬೇಕು ಎಂಬ ಷರತ್ತೂ ಇರಲಿಲ್ಲ. ಅದು ಕೆಟ್ಟ ಲೆಕ್ಕ, ಬಿದ್ದದ್ದು ಸರಿ ಎಂದೇ ನನ್ನ ಅಭಿಪ್ರಾಯ. ಒಂದು ಕಾಯ್ದೆ ತಪ್ಪಿತ್ತು ಎಂದ ಮಾತ್ರಕ್ಕೆ ಇನ್ನು ಯಾವ ಕಾಯ್ದೆಯೂ ಬರಕೂಡದು ಎಂದು ಅರ್ಥವಲ್ಲ. ಕೇಶವಾನಂದ ತೀರ್ಪಿನಲ್ಲಿ ಹುಟ್ಟಿದ ಮೂಲ ಸ್ವರೂಪದ ತತ್ವ ಕಾಪಾಡುವುದು ನ್ಯಾಯಾಂಗದ ಸ್ವಾತಂತ್ರ್ಯವನ್ನು, ಐವರು ಬಾಗಿಲು ಹಾಕಿಕೊಂಡು ಕೂರುವ ಒಂದು ಸಭೆಯನ್ನಲ್ಲ. ಅದೇ ಪೀಠ 2015ರ ಡಿಸೆಂಬರ್ 16ರಂದು ಇನ್ನೊಂದು ಆದೇಶ ಕೊಟ್ಟಿತು: ಕಾರ್ಯವಿಧಾನ ತಿದ್ದಿ, ಅರ್ಹತೆಯ ಮಾನದಂಡ ಬರೆಯಿರಿ, ಪಾರದರ್ಶಕತೆ ತನ್ನಿ, ಒಂದು ಕಾರ್ಯಾಲಯ ಮಾಡಿ, ದೂರುಗಳಿಗೆ ದಾರಿ ಮಾಡಿ. ಸರಕಾರಕ್ಕೂ ಕೊಲಿಜಿಯಂಗೂ ಆ ತಿದ್ದುಪಡಿಯ ಮೇಲೆ ಒಮ್ಮತ ಬರಲೇ ಇಲ್ಲ. ಮುಗಿದಿದೆ ಎನ್ನುವವರು ಈ ಎರಡನೇ ಆದೇಶದ ಬಗ್ಗೆ ಏಕೆ ಮಾತನಾಡುವುದಿಲ್ಲ?

ಕೊಲಿಜಿಯಂ ಶುರುವಾದಾಗ ಭಾರತದ ಮುಖ್ಯ ನ್ಯಾಯಮೂರ್ತಿ ಆಗಿದ್ದವರು ನಮ್ಮ ಎಂ.ಎನ್. ವೆಂಕಟಾಚಲಯ್ಯ. ಮುಂದೆ ಸಂವಿಧಾನ ಪುನರಾವಲೋಕನ ಆಯೋಗದ ಅಧ್ಯಕ್ಷರಾಗಿ 2002ರಲ್ಲಿ ಕೊಟ್ಟ ವರದಿಯಲ್ಲಿ ಅವರು ಐವರ ಆಯೋಗವೊಂದನ್ನು ಸೂಚಿಸಿದರು: ಮೂವರು ನ್ಯಾಯಮೂರ್ತಿಗಳು, ಕಾನೂನು ಮಂತ್ರಿ, ಮುಖ್ಯ ನ್ಯಾಯಮೂರ್ತಿಯನ್ನು ಕೇಳಿ ನೇಮಿಸುವ ಒಬ್ಬ ಗಣ್ಯ. ಬಹುಮತ ನ್ಯಾಯಮೂರ್ತಿಗಳದೇ. ಕೊಲಿಜಿಯಂ ಅನ್ನು ಒಳಗಿನಿಂದ ನಡೆಸಿದವರೇ ಬದಲಾವಣೆ ಬೇಕೆಂದರು. ಅವರನ್ನೂ ಸರಕಾರದ ಕಡೆಯವರು ಎನ್ನುತ್ತೀರಾ?

ಈಗ ಅತಿ ಗಟ್ಟಿ ಆಕ್ಷೇಪಕ್ಕೆ ಬರುತ್ತೇನೆ. ಆಳುವವರೂ ವಿರೋಧ ಪಕ್ಷದವರೂ ಒಂದು ಕೋಣೆಯಲ್ಲಿ ಕೂರಲಾರದ ಈ ಹೊತ್ತಿನಲ್ಲಿ ಅವರನ್ನು ನೇಮಕದ ಮೇಜಿಗೆ ಕರೆದರೆ ಕೆಲಸವೇ ನಿಲ್ಲುತ್ತದೆ ಎಂಬುದು ಆ ಆಕ್ಷೇಪ. ಉದಾಹರಣೆಗಳೂ ಅವರ ಬಳಿ ಇವೆ. ಒಂದಂತೂ ನಮ್ಮ ಜಿಲ್ಲೆಗೇ ಹತ್ತಿರದ್ದು. ಗುರುಮಠಕಲ್‌ನಿಂದ ಎಂಟು ಸಲ ಶಾಸಕರಾದ ಮಲ್ಲಿಕಾರ್ಜುನ ಖರ್ಗೆ 2014ರಲ್ಲಿ ಲೋಕಸಭೆಯ ಕಾಂಗ್ರೆಸ್ ನಾಯಕರಾಗಿದ್ದರು. ಅಧಿಕೃತ ವಿರೋಧ ಪಕ್ಷದ ನಾಯಕನ ಸ್ಥಾನ ಅವರಿಗೆ ಸಿಗಲಿಲ್ಲ. ಲೋಕಪಾಲ ಆಯ್ಕೆ ಸಮಿತಿಗೆ ಅವರನ್ನು ವಿಶೇಷ ಆಹ್ವಾನಿತ ಎಂದು ಕರೆದರು, ಮತವಿಲ್ಲದ ಕುರ್ಚಿ ಬೇಡವೆಂದು 2018ರಲ್ಲಿ ಅವರು ಸಭೆಗಳಿಗೆ ಹೋಗಲಿಲ್ಲ. 2019ರ ಮಾರ್ಚಿನಲ್ಲಿ ವಿರೋಧ ಪಕ್ಷದ ಮತವಿಲ್ಲದೆಯೇ ಲೋಕಪಾಲರ ನೇಮಕವಾಯಿತು. ನ್ಯಾಯಾಂಗ ಆಯೋಗದ ಕತೆ ಇನ್ನೂ ಮುಂಚಿನದು. ಇಬ್ಬರು ಗಣ್ಯರನ್ನು ಆರಿಸಲು ಪ್ರಧಾನಿ, ಖರ್ಗೆ, ಮುಖ್ಯ ನ್ಯಾಯಮೂರ್ತಿ ಎಚ್.ಎಲ್. ದತ್ತು ಮೂವರೂ ಕೂರಬೇಕಿತ್ತು. ಪ್ರಕರಣ ತೀರ್ಮಾನವಾಗುವವರೆಗೆ ತಾವು ಬರುವುದಿಲ್ಲ ಎಂದು ದತ್ತು 2015ರ ಏಪ್ರಿಲ್‌ನಲ್ಲಿ ಪ್ರಧಾನಿಗೆ ಬರೆದರು. ಮೂವರಲ್ಲಿ ಇಬ್ಬರು ಕನ್ನಡಿಗರಿದ್ದ ಆ ಸಮಿತಿ ಗಣ್ಯರನ್ನು ಆರಿಸಲೇ ಇಲ್ಲ.

ಆದರೆ ಈ ಉದಾಹರಣೆಗಳು ತೋರಿಸುವುದು ಪಕ್ಷಗಳ ಜಗಳವನ್ನಲ್ಲ, ಕಾಯ್ದೆ ಬರೆದವರ ಲೆಕ್ಕವನ್ನು. 2010ರಲ್ಲಿ ಕೇಂದ್ರ ಜಾಗೃತ ಆಯುಕ್ತರ ಆಯ್ಕೆಗೆ ಪ್ರಧಾನಿ, ಗೃಹ ಮಂತ್ರಿ, ವಿರೋಧ ಪಕ್ಷದ ನಾಯಕಿ ಕೂತರು. ಸುಷ್ಮಾ ಸ್ವರಾಜ್ ಬೇಡವೆಂದರೂ ಎರಡು ಒಂದರಿಂದ ಪಿ.ಜೆ. ಥಾಮಸ್ ಅವರ ನೇಮಕವಾಯಿತು, 2011ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಚುನಾವಣಾ ಆಯುಕ್ತರ ಆಯ್ಕೆಯಲ್ಲಿ ಮುಖ್ಯ ನ್ಯಾಯಮೂರ್ತಿಯೂ ಇರಲಿ ಎಂದು 2023ರ ಮಾರ್ಚಿನಲ್ಲಿ ಕೋರ್ಟು ಹೇಳಿದರೆ, ಅದೇ ಡಿಸೆಂಬರಿನ ಕಾಯ್ದೆ ಅವರ ಜಾಗದಲ್ಲಿ ಒಬ್ಬ ಕೇಂದ್ರ ಮಂತ್ರಿಯನ್ನು ಕೂರಿಸಿತು. ಮತ್ತೆ ಎರಡು ಒಂದು. ಒಬ್ಬರು ಕಾಂಗ್ರೆಸ್, ಒಬ್ಬರು ಬಿಜೆಪಿ. ಇಬ್ಬರೂ ಮೂರು ಕುರ್ಚಿಯಲ್ಲಿ ಎರಡನ್ನು ತಮಗೇ ಇಟ್ಟುಕೊಂಡರು. ವಿರೋಧ ಪಕ್ಷದ ಮಾತಿಗೆ ಬೆಲೆಯೇ ಇಲ್ಲದಂತೆ ಸಮಿತಿ ಮಾಡಿ, ಆಮೇಲೆ ವಿರೋಧ ಪಕ್ಷ ಸಹಕರಿಸುವುದಿಲ್ಲ ಎಂದರೆ ಹೇಗೆ?

ಲೆಕ್ಕ ಬೇರೆ ಮಾಡಿ ನೋಡಿ. ಏಳು ಜನರ ಆಯೋಗ ಇರಲಿ: ನಾಲ್ವರು ನ್ಯಾಯಮೂರ್ತಿಗಳು, ಕಾನೂನು ಮಂತ್ರಿ, ವಿರೋಧ ಪಕ್ಷದ ನಾಯಕ, ಕಾನೂನು ತಿಳಿದ ಆದರೆ ಯಾವ ಪಕ್ಷಕ್ಕೂ ಸೇರದ ಒಬ್ಬರು. ಹೆಸರು ಗೆಲ್ಲಲು ಐದು ಮತ ಬೇಕು. ನ್ಯಾಯಮೂರ್ತಿಗಳು ತಾವೇ ತಾವಾಗಿ ಯಾರನ್ನೂ ತರಲಾರರು, ಹೊರಗಿನ ಒಬ್ಬರನ್ನಾದರೂ ಒಪ್ಪಿಸಬೇಕು. ನ್ಯಾಯಮೂರ್ತಿಗಳು ಒಮ್ಮತದಲ್ಲಿದ್ದಾಗ ಸರಕಾರ ಒಂದು ಹೆಸರನ್ನು ಬೀಳಿಸಬೇಕಾದರೆ ತನ್ನ ವಿರೋಧ ಪಕ್ಷವನ್ನೂ ಮೂರನೆಯವರನ್ನೂ ಒಲಿಸಿಕೊಳ್ಳಬೇಕು. ಎರಡೂ ಪಕ್ಷಗಳು ಸೇರಿ ಬೇಡವೆನ್ನುವುದು ಅಪರೂಪ. ಹಾಗೆ ಎಲ್ಲರೂ ಬೇಡವೆಂದರೆ ಆ ಹೆಸರನ್ನು ಇನ್ನೊಮ್ಮೆ ಯೋಚಿಸುವುದೇ ಒಳ್ಳೆಯದು. ಪಕ್ಷಗಳ ನಡುವಿನ ಅಪನಂಬಿಕೆ ಇಲ್ಲಿ ಕೆಲಸ ಕೆಡಿಸುವುದಿಲ್ಲ, ಒಬ್ಬರು ಇನ್ನೊಬ್ಬರನ್ನು ಕಾಯುತ್ತಾರೆ. ಯಾರಾದರೂ ಸಭೆಗೆ ಬರದಿದ್ದರೆ ಉಳಿದವರ ತೀರ್ಮಾನ ನಡೆಯುತ್ತದೆ, ಗಡುವು ಮೀರಿದರೆ ನೇಮಕವಾದಂತೆ ಎಂದು ಕಾಯ್ದೆಯಲ್ಲೇ ಬರೆದರೆ ಬಹಿಷ್ಕಾರದಿಂದಲೂ ಮೌನದಿಂದಲೂ ಯಾರಿಗೂ ಲಾಭವಿಲ್ಲ. ಇದು ಕನಸಿನ ಮಾತಲ್ಲ. ದಕ್ಷಿಣ ಆಫ್ರಿಕಾದ ನ್ಯಾಯಾಂಗ ಸೇವಾ ಆಯೋಗಕ್ಕೆ ಕೆಳಮನೆಯಿಂದ ಹೋಗುವ ಆರು ಜನರಲ್ಲಿ ಕನಿಷ್ಠ ಮೂವರು ವಿರೋಧ ಪಕ್ಷದವರಾಗಿರಲೇಬೇಕು ಎಂದು ಅಲ್ಲಿನ ಸಂವಿಧಾನವೇ ಹೇಳುತ್ತದೆ, ಅಭ್ಯರ್ಥಿಗಳ ಸಂದರ್ಶನ ಜನರ ಎದುರಿನಲ್ಲೇ ನಡೆಯುತ್ತದೆ. ಅಮೆರಿಕದ ದಾರಿ ನಮಗೆ ಬೇಡ. ಅಲ್ಲಿ 2016ರಲ್ಲಿ ಅಧ್ಯಕ್ಷರು ಒಂದು ಪಕ್ಷ, ಸೆನೆಟ್ ಇನ್ನೊಂದು ಪಕ್ಷದ ಕೈಯಲ್ಲಿ. ಮೆರಿಕ್ ಗಾರ್ಲಂಡ್ ಅವರ ಹೆಸರನ್ನು ವಿಚಾರಣೆಗೂ ಎತ್ತಿಕೊಳ್ಳದೆ ವರ್ಷ ಮುಗಿಸಿದರು. ಸುಮ್ಮನೆ ಕೂತು ಗೆಲ್ಲುವ ಅವಕಾಶ ಅಲ್ಲಿಯೂ ಇತ್ತು, ನಮ್ಮಲ್ಲಿಯೂ ಇದೆ.

ಗುಟ್ಟು ಬೇಕು, ಇಲ್ಲದಿದ್ದರೆ ಮರ್ಯಾದಸ್ಥರು ಒಪ್ಪಿಗೆ ಕೊಡುವುದಿಲ್ಲ ಎಂಬ ವಾದಕ್ಕೆ ಉತ್ತರ ನಮ್ಮ ಹೈಕೋರ್ಟಿನಲ್ಲೇ ಇದೆ. ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಡಿ. ದಿನಕರನ್ ಅವರ ಹೆಸರನ್ನು 2009ರಲ್ಲಿ ಸುಪ್ರೀಂ ಕೋರ್ಟಿಗೆ ಶಿಫಾರಸು ಮಾಡಿದ ಮೇಲೆಯೇ ಜಮೀನಿನ ಆರೋಪಗಳು ಹೊರಬಂದದ್ದು, ತಂದವರು ವಕೀಲರು. ರಾಜ್ಯಸಭೆಯಲ್ಲಿ ಪದಚ್ಯುತಿಯ ಸೂಚನೆ ಬಂತು, ಅವರನ್ನು ಸಿಕ್ಕಿಂಗೆ ಕಳಿಸಿದರು, ತನಿಖೆ ಮುಗಿಯುವ ಮೊದಲೇ 2011ರಲ್ಲಿ ರಾಜೀನಾಮೆ ಕೊಟ್ಟರು. ಆರೋಪ ನಿಜವೋ ಸುಳ್ಳೋ ತೀರ್ಮಾನವಾಗಲೇ ಇಲ್ಲ. ಮೊದಲೇ ತೆರೆದು ಕೇಳಿದ್ದರೆ ಕೋರ್ಟಿಗೂ ಅವರಿಗೂ ಅಷ್ಟು ನೋವಾಗುತ್ತಿರಲಿಲ್ಲ. 2017ರ ಸೆಪ್ಟೆಂಬರಿನಲ್ಲಿ, ಹೈಕೋರ್ಟಿನ ಹಂಗಾಮಿ ಮುಖ್ಯಸ್ಥರಾಗುವ ಹೊಸ್ತಿಲಲ್ಲಿದ್ದ ಜಯಂತ್ ಪಟೇಲ್ ಅವರನ್ನು ಅಲಹಾಬಾದಿಗೆ ವರ್ಗ ಮಾಡಿದರು, ಕಾರಣ ಹೇಳಲಿಲ್ಲ. ಅವರು ರಾಜೀನಾಮೆ ಕೊಟ್ಟರು, ರಾಜ್ಯದ ವಕೀಲರು ಕಲಾಪದಿಂದ ಹೊರಗುಳಿದರು. ಗುಟ್ಟು ಕಾಪಾಡಿದ್ದು ಯಾರ ಮರ್ಯಾದೆಯನ್ನು?

ಆಯೋಗ ಬಂದರೆ ಜಾತಿ ಲೆಕ್ಕ ಬರುತ್ತದೆ, ಅರ್ಹತೆ ಹೋಗುತ್ತದೆ ಎನ್ನುವವರಿಗೆ ಕಾನೂನು ಸಚಿವಾಲಯ 2023ರ ಜುಲೈನಲ್ಲಿ ಸಂಸತ್ತಿಗೆ ಕೊಟ್ಟ ಲೆಕ್ಕ ಸಾಕು. 2018ರಿಂದ ಹೈಕೋರ್ಟುಗಳಿಗೆ ನೇಮಕವಾದ 604 ಮಂದಿಯಲ್ಲಿ ಸಾಮಾನ್ಯ ವರ್ಗದವರು 458, ಪರಿಶಿಷ್ಟ ಜಾತಿಯವರು 18, ಪರಿಶಿಷ್ಟ ಪಂಗಡದವರು 9. ಕಲ್ಯಾಣ ಕರ್ನಾಟಕದ ವಕೀಲನ ಹೆಸರು ಬೆಂಗಳೂರಿನ ಪ್ರಧಾನ ಪೀಠದ ಕಣ್ಣಿಗೆ ಬೀಳುವುದು ಸುಲಭವಲ್ಲ. ರಾಯಚೂರು ಜಿಲ್ಲೆಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ವಕೀಲಿ ಮಾಡಿದ ಶಿವರಾಜ ಪಾಟೀಲರು ಸುಪ್ರೀಂ ಕೋರ್ಟಿನವರೆಗೆ ಹೋದರು, ಅಂಥ ಯೋಗ್ಯತೆ ಈ ನೆಲದಲ್ಲಿ ಇದೆ ಎಂಬುದಕ್ಕೆ ಅದು ಸಾಕ್ಷಿ. ಸಂವಿಧಾನದ 371ಜೆ ವಿಧಿ ನಮಗೆ ಶಿಕ್ಷಣದಲ್ಲಿ, ನೌಕರಿಯಲ್ಲಿ ಪಾಲು ಕೊಟ್ಟಿತು, ಹೈಕೋರ್ಟಿನ ಪೀಠಕ್ಕೆ ಅದು ತಲುಪುವುದಿಲ್ಲ. ಮೀಸಲು ಕೇಳುತ್ತಿಲ್ಲ. ಕಲಬುರಗಿ, ಧಾರವಾಡದ ವಕೀಲರ ಹೆಸರುಗಳನ್ನೂ ಪರಿಶೀಲಿಸಿದ್ದೇವೆ ಎಂದು ಆಯೋಗ ಬರೆದು ಪ್ರಕಟಿಸಲಿ ಎಂದಷ್ಟೇ ಕೇಳುತ್ತಿದ್ದೇನೆ.

ಅಖಿಲ ಭಾರತ ನ್ಯಾಯಾಂಗ ಸೇವೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. 1976ರಿಂದ ಸಂವಿಧಾನದ 312ನೇ ವಿಧಿಯಲ್ಲಿ ಅದಕ್ಕೆ ಅವಕಾಶವಿದೆ. ಆದರೆ ಅದು ಜಿಲ್ಲಾ ನ್ಯಾಯಾಧೀಶರ ಮಾತು, ಹೈಕೋರ್ಟಿನ ನೇಮಕಕ್ಕೆ ಔಷಧವಲ್ಲ. ಅದೂ ಅಲ್ಲದೆ ಯಾದಗಿರಿಯ ಕೋರ್ಟಿನಲ್ಲಿ ಸಾಕ್ಷಿ ಹೇಳುವವರು ಸುರಪುರದ ಕನ್ನಡದಲ್ಲಿ, ಗಡಿಯ ತೆಲುಗು ಬೆರೆತ ಕನ್ನಡದಲ್ಲಿ ಹೇಳುತ್ತಾರೆ, ನಿಜಾಮರ ಕಾಲದ ಜಮೀನಿನ ಕಾಗದ ಉರ್ದುವಿನಲ್ಲಿರುತ್ತದೆ. ಆ ಮಾತು ಅರ್ಥವಾಗದವರನ್ನು ದೂರದ ರಾಜ್ಯದಿಂದ ತಂದು ಕೂರಿಸುವುದು ನಮ್ಮವರಿಗೆ ನ್ಯಾಯವಾಗುವುದಿಲ್ಲ.

ಹೊಸ ಆಯೋಗಕ್ಕೆ ಸಂವಿಧಾನದ ತಿದ್ದುಪಡಿ ಬೇಕು. ಎರಡೂ ಸದನಗಳಲ್ಲಿ ಹಾಜರಿದ್ದು ಮತ ಹಾಕಿದವರ ಮೂರರಲ್ಲಿ ಎರಡು ಪಾಲು, ಜೊತೆಗೆ ಅರ್ಧದಷ್ಟು ರಾಜ್ಯಗಳ ಒಪ್ಪಿಗೆ ಬೇಕು. 2024ರ ಚುನಾವಣೆಯ ನಂತರ ಯಾವ ಪಕ್ಷಕ್ಕೂ ಅಷ್ಟು ಬಲ ಇಲ್ಲ. ವಿರೋಧ ಪಕ್ಷವನ್ನು ಒಪ್ಪಿಸದೆ, ಬೇರೆ ಪಕ್ಷಗಳ ರಾಜ್ಯಗಳನ್ನು ಕೇಳದೆ ಯಾವ ಸರಕಾರವೂ ತನಗೆ ಬೇಕಾದಂತೆ ಕಾಯ್ದೆ ಬರೆಯಲಾರದು. ನಾಳೆ ಒಂದೇ ಪಕ್ಷಕ್ಕೆ ಅಂಥ ಬಹುಮತ ಸಿಕ್ಕರೆ ಬರುವ ಕಾಯ್ದೆ ಹೇಗಿರುತ್ತದೋ ಯಾರಿಗೆ ಗೊತ್ತು? ಆದ್ದರಿಂದ ಬದಲಾವಣೆಗೆ ಸರಿಯಾದ ಹೊತ್ತು ಇದೇ. ತಿದ್ದುಪಡಿ ಆಗುವವರೆಗೂ ಕಾಯಬೇಕಿಲ್ಲದ ಕೆಲಸವೂ ಒಂದಿದೆ: ರಾಜ್ಯಕ್ಕೆ ಇರುವ ಆರು ವಾರದ ನಿಯಮವನ್ನು ಕೇಂದ್ರಕ್ಕೂ ಹಾಕುವುದು.

ಯಾದಗಿರಿ, ಶಹಾಪುರ, ಸುರಪುರದ ವಕೀಲರ ಸಂಘಗಳು ಈ ಒಂದು ಬೇಡಿಕೆಯ ಮೇಲೆ ಠರಾವು ಮಾಡಿ ಕಳಿಸಬೇಕು. ನಮ್ಮ ಜಿಲ್ಲೆಯ ಮತ ಎರಡು ಲೋಕಸಭಾ ಕ್ಷೇತ್ರಗಳಿಗೆ ಹಂಚಿದೆ, ಗುರುಮಠಕಲ್ ಕಲಬುರಗಿಗೆ, ಉಳಿದ ಮೂರು ಕ್ಷೇತ್ರಗಳು ರಾಯಚೂರಿಗೆ. ಊರಿಗೆ ಬಂದಾಗ ಇಬ್ಬರು ಸಂಸದರನ್ನೂ ಕೇಳಿ: ಮೂರು ಸಲ ಶಿಫಾರಸಾದ ಹೆಸರನ್ನು ಸರಕಾರ ಏಕೆ ನೇಮಿಸಲಿಲ್ಲ ಎಂದು ನೀವು ಸದನದಲ್ಲಿ ಕೇಳಿದ್ದೀರಾ?